ಎಳಸು ವಿಸ್ಕಿ

ಅಕ್ಕಾ,

ನಾನು ಸೇರಿರುವ ವಿಸ್ಕಿ ಕಾರ್ಖಾನೆ ಹೊಸದು. ಇದರ ಮೊದಲ ವಿಸ್ಕಿಗೆ ಮರದ ಪೀಪಾಯಿಯಲ್ಲಿ ಈಗಷ್ಟೇ ಮೂರು ವರ್ಷ ತುಂಬಿದೆ. ನಿನ್ನೆ ರುಚಿ ನೋಡಲು ಬಂದ ದೊಡ್ಡವರೆಲ್ಲ ಬಾಯಿ ಮುಕ್ಕಳಿಸಿ, ಬಕೆಟ್ಟಿಗೆ ಉಗಿದು, "ಆಹಾ, ಜೇನು!" ಎಂದರು. ಗ್ಲಾಸು ತೊಳೆಯುತ್ತಿದ್ದ ನನ್ನನ್ನೂ ಯಜಮಾನರು ಕೇಳಿದರು. ನಾನು ನುಂಗಿಯೇ ಹೇಳಿದೆ: "ಇನ್ನೂ ಎಳಸು ಸಾರ್. ಹೊಸ ಹಲಗೆ ನೆಕ್ಕಿದ ಹಾಗಿದೆ."

ಕೆಲಸ ಹೋಯಿತು ಅಂದುಕೊಂಡೆ. "ನೀನೂ ಎಳಸೇ ಕಣಯ್ಯ. ಗೋದಾಮಿಗೆ ಹೋಗು. ನೀನೂ ವಿಸ್ಕಿಯೂ ಒಟ್ಟಿಗೆ ಬಲಿಯಿರಿ" ಎಂದರು ಯಜಮಾನರು. ಇನ್ನು ಹತ್ತು ವರ್ಷ ಪೀಪಾಯಿ ಕಾಯಬೇಕಂತೆ.

ಅಲ್ಲಿ ವಿಪರೀತ ಥಂಡಿ, ಸ್ವೆಟರ್ ಕಳಿಸು. ಹತ್ತನೇ ಕ್ಲಾಸಿನ ಬೆಂಚಿನಲ್ಲಿ ಒಂದು ವರ್ಷ ಕೂರಲಾರದವನಿಗೆ ಈ ಶಿಕ್ಷೆ ಎಂದು ಅಪ್ಪನಿಗೆ ಹೇಳು. ನಗುವುದಾದರೆ ಈಗಲೇ ನಕ್ಕುಬಿಡಲಿ.

ನಿನ್ನ ತಮ್ಮ