ಭೋಗ್ಯಕ್ಕೆ ಒಂದು ಹೆಸರು

ಮಲ್ಲತ್ತಹಳ್ಳಿ, ಬೆಂಗಳೂರು
9 ಫೆಬ್ರವರಿ 2025, ಭಾನುವಾರ

ಮಗಳೇ ರಮ್ಯಾ,

ಹೇಗಿದ್ದೀಯ? ಕೊಪ್ಪಳದಲ್ಲಿ ಆಗಲೇ ಬಿಸಿಲು ಶುರುವಾಗಿದೆ ಎಂದು ಟಿವಿಯಲ್ಲಿ ಹೇಳಿದರು. ಕಾಲೇಜಿಗೆ ಪಾಠ ಮಾಡಲು ಹೋಗುವಾಗ ತಲೆಗೆ ಏನಾದರೂ ಹೊದ್ದುಕೊಂಡು ಹೋಗು. ಹೋದ ತಿಂಗಳು ನಿನಗೆ ಜ್ವರ ಬಂದಿತ್ತೆಂದು ನಿಮ್ಮಮ್ಮ ಹೇಳಿದಳು. ಹೇಳಿದಳು ಅನ್ನುವುದಕ್ಕಿಂತ, ಅವಳು ಫೋನಿನಲ್ಲಿ ನಿನ್ನ ಜೊತೆ ಮಾತಾಡುವಾಗ ನಾನು ಪಕ್ಕದ ರೂಮಿನಲ್ಲಿ ಪೇಪರ್ ಓದುತ್ತಿರುತ್ತೇನೆ, ಕಿವಿಗೆ ಬೀಳುತ್ತದೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ನನ್ನ ಮಂಡಿ ನೋವು ಮೊದಲಿನಷ್ಟೇ ಇದೆ. ಅಮ್ಮನ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಇಲ್ಲ. ಮೂರು ವರ್ಷದಿಂದ ಮಾತು ಬಿಟ್ಟವನು ಇದ್ದಕ್ಕಿದ್ದ ಹಾಗೆ ಕಾಗದ ಬರೆದಿದ್ದಾನಲ್ಲ ಎಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ಎರಡನೇ ನಿಮಿಷಕ್ಕೆ ನನ್ನ ದನಿ ಏರುತ್ತದೆ, ನೀನೂ ನನ್ನ ಮಗಳೇ, ನಿನ್ನದೂ ಏರುತ್ತದೆ. ಕಾಗದದಲ್ಲಾದರೆ ಏರಿದ್ದನ್ನು ಹರಿದು ಹಾಕಬಹುದು. ಇದು ಮೂರನೆಯ ಹಾಳೆ. ಇದರಲ್ಲಿರುವುದು ಬರೀ ವ್ಯವಹಾರದ ಮಾತು.

ವಿಷಯ ಏನೆಂದರೆ, ನೀನು 2019ರಲ್ಲಿ ಕೊಂಡಿದ್ದ ‘ಬಾಡಿಗೆಗಿದೆ ಡಾಟ್ ಇನ್’ ಎಂಬ ಹೆಸರು ಇನ್ನೂ ನಮ್ಮ ಹತ್ತಿರವೇ ಇದೆ. ಬ್ರೋಕರ್ ಕಾಟವಿಲ್ಲದೆ ಬಾಡಿಗೆ ಮನೆ ತೋರಿಸುವ ವೆಬ್‌ಸೈಟ್ ಎಂದು ನಡೆಸಿ, ಮನೆ ಬಿಟ್ಟು ಹೋಗುವಾಗ ಮುಚ್ಚಿದೆಯಲ್ಲ, ಅದರದು. ಆ ಕೆಲಸಕ್ಕೆಂದು ನೀನು ನನ್ನ ಫೋನಿನಲ್ಲಿ ಒಂದು ಇಮೇಲ್ ತೆರೆದಿದ್ದೆ. ಪ್ರತಿ ಜನವರಿಗೆ ಅದಕ್ಕೊಂದು ನೋಟಿಸ್ ಬರುತ್ತದೆ, ದುಡ್ಡು ಕಟ್ಟದಿದ್ದರೆ ಹೆಸರು ಬೇರೆಯವರ ಪಾಲಾಗುತ್ತದೆ ಎಂದು. ನಾನು ಕಟ್ಟುತ್ತಾ ಬಂದಿದ್ದೇನೆ. ಯಾಕೆ ಎಂದು ಕೇಳಬೇಡ, ನಮ್ಮ ವಂಶದಲ್ಲಿ ಕಂದಾಯ ಬಾಕಿ ಉಳಿಸಿಕೊಂಡವರಿಲ್ಲ. ಆದರೆ ಈ ಸಲ ಕಟ್ಟುವಾಗ, ಖಾಲಿ ಬಿದ್ದ ಜಾಗಕ್ಕೆ ಎಷ್ಟು ವರ್ಷ ಅಂತ ಬರೀ ಕಂದಾಯ ಕಟ್ಟುವುದು, ಇದರಿಂದ ನಾಲ್ಕು ಕಾಸು ಹುಟ್ಟಿಸಬಾರದೇಕೆ ಅನ್ನಿಸಿತು.

ನಾಗರಭಾವಿ ಸರ್ಕಲ್ಲಿನಲ್ಲಿ ಸೈಬರ್ ಸೆಂಟರ್ ಇಟ್ಟುಕೊಂಡು, ಸ್ಟ್ಯಾಂಪ್ ಪೇಪರ್ ಟೈಪ್ ಮಾಡಿಕೊಡುವ ಶಿಲ್ಪಾ ಎಂಬ ಹೆಣ್ಣುಮಗಳಿದ್ದಾಳೆ. ಮೊದಲು ಅವಳನ್ನು ಕೇಳಿದೆ. “ಅಂಕಲ್, ಸುಮ್ನೆ ಆ್ಯಡ್ ಹಾಕ್ಬಿಡಣ. ಯಾರಾದ್ರೂ ಬಂದು ಒತ್ತಿದ್ರೆ ನಿಮ್ಗೆ ಕಾಸು” ಅಂದಳು. ಹಾಕಿದಳು. ಮೂರು ವಾರಕ್ಕೆ ಹನ್ನೊಂದು ರೂಪಾಯಿ ಬಂತು, ಅದರಲ್ಲಿ ಬಹುಪಾಲು ನಾನೇ ಒತ್ತಿದ್ದು ಎಂದು ಆಮೇಲೆ ಗೊತ್ತಾಗಿ ಅವಳು ಬೈದಳು. ಅಷ್ಟರಲ್ಲಿ ಮುಂಬೈ ಕಡೆಯ ಯಾರೋ ಒಬ್ಬ ಇಮೇಲ್ ಬರೆದು, ನಲವತ್ತು ಸಾವಿರಕ್ಕೆ ಹೆಸರನ್ನು ಕೊಟ್ಟುಬಿಡಿ ಎಂದು ಕೇಳಿದ. ನನಗೆ ಆಸೆಯಾಯಿತು. ಆದರೆ ಕೆರೆ ಏರಿಯ ಮೇಲೆ ನನ್ನ ಜೊತೆ ವಾಕಿಂಗ್ ಬರುವ ಗಂಗಾಧರಯ್ಯ, ತಾಲ್ಲೂಕು ಆಫೀಸಿನಲ್ಲಿ ರಿಟೈರ್ ಆದವನು, ಒಪ್ಪಲಿಲ್ಲ. “ಮಾರೋ ಮಾತೇ ಆಡ್ಬೇಡ ಕಣಯ್ಯ. ತೊಂಬತ್ಮೂರರಲ್ಲಿ ಕೆರೆ ಪಕ್ಕದ ಮೂವತ್ತು ಗುಂಟೆ ಮಾರಿ ಏನ್ ಕಂಡೆ?” ಅಂದ. ನಾನು ಕಂಡದ್ದು ಒಂದು ಸೆಕೆಂಡ್ ಹ್ಯಾಂಡ್ ಕಾರು, ಅದು ಗುಜರಿಗೆ ಹೋದದ್ದು ನಿನಗೂ ಗೊತ್ತು. ತಿಂಗಳ ಬಾಡಿಗೆಗೆ ಕೊಡೋಣವೆಂದರೆ ಎರಡು ತಿಂಗಳು ಕೊಟ್ಟು ಮೂರನೆಯ ತಿಂಗಳಿಂದ ಕಥೆ ಹೇಳುತ್ತಾರೆ. ಹಾಗಾಗಿ ಭೋಗ್ಯಕ್ಕೆ ಕೊಡುವುದೆಂದು ತೀರ್ಮಾನ ಮಾಡಿದೆ. ನಮ್ಮ ಎರಡನೇ ಮಹಡಿ ಕೊಟ್ಟಿಲ್ಲವೆ, ಹಾಗೆಯೇ. ಇಡಿಗಂಟು ಮೊದಲೇ ಈಸಿಕೊಳ್ಳುವುದು, ಬಾಡಿಗೆ ಇಲ್ಲ, ಮೂರು ವರ್ಷವಾದ ಮೇಲೆ ಗಂಟು ಅವರಿಗೆ, ಹೆಸರು ನಮಗೆ, ನಡುವಿನ ಬಡ್ಡಿ ನಮ್ಮದು. ವೆಬ್‌ಸೈಟ್ ಹೆಸರನ್ನು ಯಾರೂ ಹೀಗೆ ಕೊಡುವುದಿಲ್ಲ ಎಂದು ಶಿಲ್ಪಾ ಹೇಳಿದಳು. ಯಾರೂ ಮಾಡಿಲ್ಲ ಅಂದಮೇಲೆ ನನಗೆ ಇನ್ನಷ್ಟು ಹುರುಪು ಬಂತು.

ಒಪ್ಪಿದವನು ಯಶ್ವಂತ್, ಅದೇ ಸರ್ಕಲ್ಲಿನ ಮನೆ ಬ್ರೋಕರ್. “ಒಳ್ಳೆ ನೇಮ್ ಸಾರ್, ಸುಮ್ನೆ ಮಲ್ಗಿದೆ. ನಂಗೆ ಕೊಡಿ, ಎಬ್ಬಿಸ್ತೀನಿ” ಎಂದು ಒಂದೂವರೆ ಲಕ್ಷಕ್ಕೆ ಮಾತಾಡಿದ. ಮೊನ್ನೆ ಗುರುವಾರ ರಾಹುಕಾಲ ನೋಡಿಕೊಂಡು ಎಲೆ ಅಡಿಕೆಯ ಮೇಲಿಟ್ಟು ಸಾವಿರದ ಒಂದು ರೂಪಾಯಿ ಟೋಕನ್ ಕೊಟ್ಟ, ನಾನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ನಿನ್ನನ್ನು ಒಂದು ಮಾತು ಕೇಳಬೇಕು ಅನ್ನುವುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಶುಕ್ರವಾರ ಅಗ್ರಿಮೆಂಟಿಗೆ ಕೂತೆವು. ಗಂಗಾಧರಯ್ಯ ಸಾಕ್ಷಿಗೆ ಬಂದಿದ್ದ. ಶಿಲ್ಪಾ ಟೈಪ್ ಮಾಡುತ್ತಾ ಮಾಡುತ್ತಾ ನಿಲ್ಲಿಸಿ, “ಅಂಕಲ್, ಚಕ್ಕುಬಂದಿ ಏನ್ ಹಾಕ್ಲಿ? ಪೂರ್ವಕ್ಕೆ ಯಾರ್ದು, ಪಶ್ಚಿಮಕ್ಕೆ ಯಾರ್ದು?” ಅಂದಳು. ಯಶ್ವಂತ್ ನಾಲ್ಕೂ ದಿಕ್ಕಿಗೆ ಇಂಟರ್ನೆಟ್ ಎಂದು ಹಾಕಿ ಅಂದ, ಹಾಕಿದಳು. ಆಮೇಲೆ ಗಂಗಾಧರಯ್ಯ ತನ್ನ ಹಳೇ ಆಫೀಸಿನ ದನಿಯಲ್ಲಿ ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿದ. ಶಿಲ್ಪಾ ನೋಡಿ ಹೇಳಿದಳು, ಓನರ್ ರಮ್ಯ ಎಚ್., ಹೆಸರು ಬೇರೆಯವರ ಕೈಗೆ ಹೋಗಬೇಕಾದರೆ ಓಟಿಪಿ ಅವರ ಮೊಬೈಲಿಗೆ ಹೋಗುತ್ತದೆ ಎಂದು. ದುಡ್ಡು ಕಟ್ಟಿದವನು ನಾನಲ್ಲವೇನಯ್ಯ ಅಂದೆ. “ಕಂದಾಯ ಕಟ್ದೋನೆಲ್ಲ ಓನರ್ ಆಗಲ್ಲ ಕಣಯ್ಯ” ಎಂದು ಅವನು ಪೆನ್ನಿಗೆ ಕ್ಯಾಪ್ ಹಾಕಿದ.

ನಿಮ್ಮಮ್ಮನಿಗೆ ಹೇಳಿ ನಿನ್ನಿಂದ ಆ ಓಟಿಪಿ ನಂಬರ್ ತರಿಸಿಕೊಳ್ಳಬಹುದಿತ್ತು. ಅದಕ್ಕೆಂದು ಅವಳಿಗೆ ಫೋನ್ ಮಾಡಿಯೂ ಆಗಿತ್ತು, ರಿಂಗಾಗುತ್ತಿತ್ತು. ಅವಳು ಎತ್ತುವವರೆಗೆ ಸುಮ್ಮನೆ ಯಾಕೆ ಕೂರುವುದೆಂದು ಅಗ್ರಿಮೆಂಟ್ ಓದಿದೆ. ಕೊನೆಯ ಷರತ್ತು ಹೀಗಿತ್ತು: ‘ಸದರಿ ಸ್ವತ್ತನ್ನು ಖಾಲಿ ಮಾಡುವಾಗ ಸುಣ್ಣಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಯಷ್ಟು ಹಣವನ್ನು ಮುರಿದುಕೊಳ್ಳತಕ್ಕದ್ದು.’ ಗೋಡೆಯೇ ಇಲ್ಲದ್ದಕ್ಕೆ ಎಂಥಾ ಸುಣ್ಣಬಣ್ಣವಮ್ಮ ಎಂದು ಕೇಳಿದರೆ ಶಿಲ್ಪಾ, “ಅದು ಮಾಮೂಲಿ ಅಂಕಲ್, ಎಲ್ಲಾ ಅಗ್ರಿಮೆಂಟಲ್ಲೂ ಇರುತ್ತೆ” ಅಂದಳು. ಯಶ್ವಂತ್ ನಕ್ಕ. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಫೋನ್ ಕಟ್ ಮಾಡಿದೆ.

ಮೂರು ವರ್ಷದ ಹಿಂದೆ ನಾನು ನಿನಗೆ ಹೇಳಿದ್ದೂ ಇದೇ ಮಾತು, ಇದು ಮಾಮೂಲಿ ಎಂದು. ವಿಜಯಪುರದ ಕಡೆಯಿಂದ ಬಂದ ದಾನಮ್ಮ ಎರಡು ಮಕ್ಕಳನ್ನು ಕಟ್ಟಿಕೊಂಡು ನಾಲ್ಕು ವರ್ಷ ನಮ್ಮ ಮೊದಲನೇ ಮಹಡಿಯಲ್ಲಿದ್ದಳು, ರೊಟ್ಟಿ ಬಡಿದು ಒಂದು ತಿಂಗಳೂ ತಪ್ಪದೆ ಬಾಡಿಗೆ ಕೊಟ್ಟಳು. ಖಾಲಿ ಮಾಡುವಾಗ ಅವಳ ಅಡ್ವಾನ್ಸಿನಲ್ಲಿ ಪೇಂಟಿಂಗ್ ಎಂದು ಹದಿನೈದು ಸಾವಿರ ಹಿಡಿದುಕೊಂಡೆ. ಇಡೀ ಬೀದಿ ಹಿಡಿಯುತ್ತದೆ. ನೀನು ನಿನ್ನ ವೆಬ್‌ಸೈಟಿನಲ್ಲಿ ನಮ್ಮ ಮನೆಯ ಫೋಟೋ ಹಾಕಿ, ಈ ಮನೆಯ ಓನರ್ ಪೇಂಟಿಂಗ್ ಹಣ ಹಿಡಿಯುತ್ತಾರೆ, ಪೇಂಟ್ ಹೊಡೆಸುವುದಿಲ್ಲ ಎಂದು ಬರೆದೆ. ಹಾಲಿನ ಅಂಗಡಿಯಲ್ಲಿ ನಿಂತು ಜನ ಓದಿದರು. ನನ್ನ ಮನೆಯಲ್ಲಿದ್ದುಕೊಂಡು ನನ್ನ ಮರ್ಯಾದೆ ಕಳೆಯುತ್ತೀಯಾ, ಹೊರಡು ಅಂದೆ. ನೀನು ಒಂದೇ ವಾರದಲ್ಲಿ ಹೊರಟೆ. ನೀನು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ನಾನು ಪೇಂಟ್ ಹೊಡೆಸಿರಲಿಲ್ಲ, ಮುಂದಿನವರಿಗೂ ಅದೇ ಗೋಡೆಯನ್ನೇ ಕೊಟ್ಟೆ. ಈಗ ನೀನೂ ಅಲ್ಲಿ ಬಾಡಿಗೆ ಮನೆಯಲ್ಲಿದ್ದೀಯ. ನಿನ್ನ ಓನರ್ ಏನೇನು ಹಿಡಿಯುತ್ತಾನೋ ಎಂದು ಆಗಾಗ ಯೋಚನೆ ಬರುತ್ತದೆ.

ಯಶ್ವಂತನ ಟೋಕನ್ ಅಲ್ಲೇ ವಾಪಸ್ ಕೊಟ್ಟೆ. ಅವನಿಗೆ ಬೇಜಾರಾಯಿತು, ಎಲೆ ಅಡಿಕೆಯನ್ನೂ ವಾಪಸ್ ಕೇಳುತ್ತಾನೋ ಅಂದುಕೊಂಡೆ. ಈಗ ನೀನು ಹೇಳು. ಮುಂಬೈಯವನಿಗೆ ಮಾರುವುದಾದರೆ ಮಾರು, ಭೋಗ್ಯಕ್ಕಾದರೆ ಯಶ್ವಂತ್ ಇನ್ನೂ ಸಿಗುತ್ತಾನೆ. ದುಡ್ಡು ನಿನ್ನ ಖಾತೆಗೇ ಹೋಗಲಿ. ನೀನೇ ಮತ್ತೆ ನಡೆಸುತ್ತೀಯಾದರೆ ಏಪ್ರಿಲ್‌ನಲ್ಲಿ ಮೊದಲನೇ ಮಹಡಿ ಖಾಲಿಯಾಗುತ್ತದೆ, ಅದನ್ನು ಹಾಕು. ಪೇಂಟಿಂಗ್ ಓನರ್ ಖರ್ಚು ಎಂದು ಬರೆಯಬಹುದು. ಮನೆ ಹಾಕುವವರಿಂದ ನೂರು ರೂಪಾಯಿ ತೆಗೆದುಕೊಂಡರೂ ಆ್ಯಡಿಗಿಂತ ವಾಸಿ ಎಂದು ಶಿಲ್ಪಾಳ ಅಂದಾಜು. ನಾನು ಯಾವುದಕ್ಕೂ ಅಡ್ಡ ಬರುವುದಿಲ್ಲ.

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು. ಮೈಕೈ ಗಟ್ಟಿಯಾಗಿರಲಿ, ಹಿಡಿದ ಕೆಲಸ ಕೈಗೂಡಲಿ ಎಂದು ಹರಸುತ್ತೇನೆ.

ಇಂತಿ ನಿನ್ನ ಅಪ್ಪ,
ಹನುಮಂತಯ್ಯ

ಮರೆತ ಮಾತು: ನಿಮ್ಮಮ್ಮ ಕವರ್ ಹಿಡಿದುಕೊಂಡು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನೆ ಮೆಟ್ರೋದಲ್ಲಿ ದೀಪಾಂಜಲಿ ನಗರಕ್ಕೆ ಹೋಗಿ, ದಾನಮ್ಮನ ಮನೆ ಹುಡುಕಿ, ಹದಿನೈದು ಸಾವಿರ ಅವಳ ಮುಂದಿಟ್ಟೆ. “ಮತ್ಯಾಕ ತಂದೀರಿ ಯಜಮಾನ್ರ? ಆ ರೊಕ್ಕಾ ಆವಾಗ್ಲೇ ಮಗಳ ಕೈಲೆ ಕಳಿಸಿದ್ರಲ್ರೀ” ಅಂದಳು. ನೀನು ಮೊದಲ ಸಂಬಳದಲ್ಲಿ ಕೊಟ್ಟು, ನಮ್ಮಪ್ಪ ಕಳಿಸಿದ್ದಾರೆ ಎಂದು ಹೇಳಿದ್ದೆಯಂತೆ. ಮೂರು ವರ್ಷದಿಂದ ಅವಳು ಅಲ್ಲಿಯವರ ಹತ್ತಿರ ನನ್ನನ್ನು ಒಳ್ಳೆಯ ಓನರ್ ಎಂದು ಹೊಗಳುತ್ತಿದ್ದಾಳೆ. ಅವಳು ಕೊಟ್ಟ ಚಹಾ ಕುಡಿದು, ದುಡ್ಡನ್ನು ವಾಪಸ್ ಜೇಬಿಗಿಟ್ಟುಕೊಂಡು ಬಂದೆ. ಈ ಹದಿನೈದು ಸಾವಿರ ನಿನ್ನದು. ಫೋನಿನಲ್ಲಿ ಕಳಿಸುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ಹೊರಡು ಎಂದವನು ನಾನು, ನಿಮ್ಮಮ್ಮನ ಕೈಲಿ ಹೇಳಿಸಿದರೆ ಆಗುವುದಿಲ್ಲ, ನಾನೇ ಬರೆಯುತ್ತಿದ್ದೇನೆ. ಬಾ ಮಗಳೇ.