ಕೆಂಪಿಗೆ ಹಾರಿದ ಮುಳ್ಳು

ಹಿರೇಬಾವಿ
೨೧೩೧ನೆಯ ಇಸವಿ, ಮಬ್ಬುಗಾಲದ ಮೂವತ್ತೆರಡನೆಯ ದಿನ

ನೂರು ವರ್ಷ ಹಿಂದಿನ ಮೆಕ್ಯಾನಿಕ್ ಅಣ್ಣಂದಿರಿಗೆ, ಅಕ್ಕಂದಿರಿಗೆ,

ಈ ತಾರೀಖು ನೋಡಿ ಯಾರದೋ ತಮಾಷೆ ಎಂದುಕೊಳ್ಳಬೇಡಿ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮಬ್ಬುಗಾಲವೆಂದರೆ ಆಕಾಶದಲ್ಲಿ ಧೂಳು ನಿಂತು ಬಿಸಿಲೇ ಬೀಳದ ಎರಡು ತಿಂಗಳು. ಆಗ ನಮ್ಮ ಬಿಸಿಲುಬಂಡಿಗಳು ಓಡುವುದಿಲ್ಲ. ಜೋಳದ ದಂಟಿನಿಂದ ಇಳಿಸಿದ ಸ್ಪಿರಿಟ್ಟಿನಲ್ಲಿ ಓಡುವ, ನಿಮ್ಮ ಕಾಲದ ಒಂದು ಕಾರೇ ಐದು ಊರಿಗೆ ಗತಿ. ಅದರ ಉಸ್ತುವಾರಿ ನನ್ನದು.

ಹೋದ ವಾರ ಹೊಲದಲ್ಲಿ ನನ್ನ ತಮ್ಮ ಮುದಕಪ್ಪನ ಪಾದಕ್ಕೆ ಕೊಳಕುಮಂಡಲ ಹಾವು ಕಚ್ಚಿತು. ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೆ. ಅರ್ಧ ದಾರಿಯಲ್ಲಿ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಒಮ್ಮೆಲೇ ಕೆಂಪಿಗೆ ಹಾರಿತು. ಅದು ನಿಜವಾಗಿದ್ದರೆ ಓಡಿಸಿದಷ್ಟೂ ಎಂಜಿನ್ ಸುಡುತ್ತದೆ. ಸುಳ್ಳಾಗಿದ್ದರೆ, ನಿಂತಷ್ಟೂ ವಿಷ ಏರುತ್ತದೆ. ನಿಲ್ಲಿಸಿದೆ.

"ಯಕ್ಕಾ, ಯಾಕ ನಿಂತಿ?" ಎಂದ. ಕಾಲು ಮೊಣಕಾಲಿನ ತನಕ ಬಾತಿತ್ತು.

"ಮುಳ್ಳು ಕೆಂಪಿಗೆ ಹೋಗೈತಿ. ಖರೇನೋ ಸುಳ್ಳೋ ನೋಡ್ತೀನಿ."

"ನನ್ನ ಸಲುವಾಗಿ ಗಾಡಿ ಸುಡಬ್ಯಾಡ. ಐದ್ ಊರಿಗೆ ಇರೂದು ಇದೊಂದ."

"ನೀ ಸುಮ್ನ ಮಲಕೊ. ಕಾಲು ಅಲ್ಲಾಡಸಬ್ಯಾಡ."

ಬಾನೆಟ್ ಎತ್ತಿದೆ. ಹಬೆಯಿಲ್ಲ, ಕುದಿಯುವ ಸದ್ದಿಲ್ಲ, ನೀರಿನ ಡಬ್ಬಿಯಲ್ಲಿ ಮಟ್ಟ ಇಳಿದಿಲ್ಲ. ಆದರೂ ಧೈರ್ಯ ಬರಲಿಲ್ಲ. ಕಾವು ಅಳೆಯುವ ಸೆನ್ಸರಿನ ಕನೆಕ್ಟರ್ ಕಿತ್ತೆ. ಸೆನ್ಸರ್ ಸರಿಯಿರಲಿ, ಕೆಟ್ಟಿರಲಿ, ಅದನ್ನು ಬಿಡಿಸಿದ ಮೇಲೆ ಮುಳ್ಳು ತಣ್ಣನೆಯ ತುದಿಗೆ ಬೀಳಬೇಕು. ಕೀ ತಿರುಗಿಸಿ ನೋಡಿದೆ. ಬೀಳಲಿಲ್ಲ. ಹಾಗಾದರೆ ಕೆಂಪು ಸುಳ್ಳು; ತಂತಿಯೇ ಎಲ್ಲೋ ಕಾರಿನ ಕಬ್ಬಿಣಕ್ಕೆ ತಾಗಿ ಮುಳ್ಳನ್ನು ಕೆಂಪಿಗೆ ಎಳೆಯುತ್ತಿದೆ!

ಹಾಗೇ ಓಡಿಸಿದರೆ ಎಂಜಿನ್ ನಿಜವಾಗಿ ಕಾದರೂ ತಿಳಿಯುವುದಿಲ್ಲವೆಂದು ಬೆರಳಿನಿಂದ ತಂತಿ ಸವರುತ್ತ ಹೋದೆ. ಬ್ಯಾಟರಿಯ ಕೆಳಗೆ, ನಿಮ್ಮ ಕಾಲದ ಪ್ಲಾಸ್ಟಿಕ್ ಪಟ್ಟಿ ಅದನ್ನು ಒತ್ತಿ ಹಿಡಿದಿದ್ದ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಹರಿದು ತಾಮ್ರ ಕಾಣುತ್ತಿತ್ತು. ಸೆರಗಿನ ಚೂರು ಹರಿದು ಸುತ್ತಿ, ಅಂಚಿನಿಂದ ದೂರ ಎಳೆದು ಕಟ್ಟಿ, ಕನೆಕ್ಟರ್ ಸಿಕ್ಕಿಸಿದೆ. ಮುಳ್ಳು ನಡುವಿಗೆ ಬಂತು. ಅಷ್ಟರಲ್ಲಿ ಮುದಕಪ್ಪನ ಮಾತು ನಿಂತಿತ್ತು. ಆಸ್ಪತ್ರೆಯ ಬಾಗಿಲವರೆಗೂ ಅವನ ಹೆಸರು ಕೂಗುತ್ತಲೇ ಓಡಿಸಿದೆ.

ಬದುಕಿದ. ಪಾದದ ಮೂರು ಬೆರಳು ಉಳಿಯಲಿಲ್ಲ. "ಬೆರಳಿಲ್ಲಂದ್ರ ನಡಿಯಾಕ ಬರಂಗಿಲ್ಲೇನು?" ಎಂದು ನಗುತ್ತಾನೆ. ನನಗೆ ನಗು ಬರುವುದಿಲ್ಲ. ದಾರಿಯಲ್ಲಿ ನಿಂತ ಆ ಇಪ್ಪತ್ತು ನಿಮಿಷದಲ್ಲೇ ಅವು ಹೋದವೋ ಏನೋ. ಡಾಕ್ಟರನ್ನು ಕೇಳಲು ಇನ್ನೂ ಬಾಯಿ ಬಂದಿಲ್ಲ.

ಆ ತಂತಿಯನ್ನು ತಗಡಿನ ಅಂಚಿಗೆ ಒತ್ತಿ ಕಟ್ಟಿದ ಕೈ ನಿಮ್ಮಲ್ಲೇ ಒಬ್ಬರದು. ಅಂದು ಅವಸರವಿತ್ತೇನೋ, ನಾನು ಬೈಯುವುದಿಲ್ಲ. ಆದರೆ ಈ ಕಾಗದ ಮುಟ್ಟಿದರೆ, ಇವತ್ತು ನಿಮ್ಮ ಕೈಯಲ್ಲಿರುವ ಗಾಡಿಯ ಬಾನೆಟ್ ಮುಚ್ಚುವ ಮುನ್ನ ಇನ್ನೊಂದು ಸಲ ಬಗ್ಗಿ ನೋಡಿ.

ಇಂತಿ,
ನೀಲವ್ವ