ಅಪ್ಪನ ಸ್ಯಾಂಪಲ್ ಬುಟ್ಟಿಗಳು

ಮನೆಯಿಂದ,
ಮಾರ್ಚ್ ೧೦, ಭಾನುವಾರ ಬೆಳಿಗ್ಗೆ

ಪ್ರೀತಿಯ ಮೊಂಡನಿಗೆ ಅಕ್ಕನ ನೆನಪುಗಳು.

ಹೇಗಿದ್ದೀಯ? ಕೈ ಸುಟ್ಟುಕೊಂಡ ಗಾಯ ಮಾಯಿತೇ? ಹಡಗು ಓಲಾಡುವಾಗ ಬಿಸಿ ಎಣ್ಣೆಯ ಹತ್ತಿರ ನಿಲ್ಲಬೇಡ ಎಂದು ಅಮ್ಮ ಹೇಳಿದ್ದಾಳೆ. ಹಡಗಿನ ಅಡುಗೆಯವನು ಎಣ್ಣೆಯಿಂದ ದೂರ ನಿಂತರೆ ಕೆಲಸ ಮಾಡುವುದು ಹೇಗೆ ಎಂದು ಕೇಳಿದ್ದಕ್ಕೆ, "ನಿಂಗ್ಯಾಕೆ ಅದೆಲ್ಲ, ಬರಿ ಅಂದ್ರೆ ಬರಿ" ಎಂದಳು. ಬರೆದಿದ್ದೇನೆ. ಅವಳಿಗೆ ಮಂಡಿನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ನಾನೂ ಚೆನ್ನಾಗಿದ್ದೇನೆ.

ಇನ್ನು ಸುದ್ದಿ. ಅಪ್ಪ ರೆಕಾರ್ಡ್ ಮಾಡಿಟ್ಟಿದ್ದ ಧ್ವನಿ ಪೂರ್ತಿ ಹೋಗಿದೆ, ಇನ್ನು ವಾಪಸ್ ಬರುವುದಿಲ್ಲ. ನಿನ್ನೆ ಮಧ್ಯಾಹ್ನ ಹೀಗೆಂದು ತಿಳಿಸಿದವರು ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿಯಾಕೆ. ಹಳೆಯ ಕಂಪ್ಯೂಟರನ್ನು ವಾರವೆಲ್ಲ ತಮ್ಮಲ್ಲೇ ಇಟ್ಟುಕೊಂಡು, ಬಗೆಬಗೆಯಾಗಿ ನೋಡಿದ್ದಾರೆ. "ಬರೀ ಅಳಿಸಿದ್ರೆ ಹೇಗಾದ್ರೂ ತೆಗೀತಿದ್ದೆ. ಇದನ್ನ ತಿಕ್ಕಿ ತೊಳೆದುಬಿಟ್ಟಿದ್ದಾರಲ್ಲ" ಎಂದರು. ಕೂಲಿ ತೆಗೆದುಕೊಳ್ಳಲಿಲ್ಲ. ನಾನು ಒತ್ತಾಯ ಮಾಡಿದರೂ ಬೇರೆ ಗಿರಾಕಿಯ ಕಡೆ ತಿರುಗಿಬಿಟ್ಟರು.

ಅಪ್ಪನ ಗಂಟಲಿನ ಕಾಯಿಲೆಯ ವಿಷಯ ನಿನಗೆ ಆಗಲೇ ಬರೆದಿದ್ದೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ, ಅದೇ ಆಸ್ಪತ್ರೆಯ ಮಾತಿನ ತರಬೇತಿಯ ಮೇಡಂ ನಮ್ಮನ್ನು ಕೂರಿಸಿಕೊಂಡು ಒಂದು ದಾರಿ ಹೇಳಿದ್ದರು. ಧ್ವನಿ ಚೆನ್ನಾಗಿರುವಾಗಲೇ ಸಾಕಷ್ಟು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಅಪ್ಪ ಟೈಪ್ ಮಾಡಿದ್ದನ್ನೆಲ್ಲ ಲ್ಯಾಪ್‌ಟಾಪ್ ಅವರದೇ ಧ್ವನಿಯಲ್ಲಿ ಹೇಳುತ್ತದೆ. ಅದಕ್ಕೆಂದೇ ಹೊಸ ಲ್ಯಾಪ್‌ಟಾಪ್ ಕೊಂಡೆವು. ಅದು ಬರುವುದು ತಡವಾದ್ದರಿಂದ ರೆಕಾರ್ಡಿಂಗನ್ನು ನಡುಮನೆಯ ಹಳೆಯ ಕಂಪ್ಯೂಟರಿನಲ್ಲೇ ಶುರು ಮಾಡಿದರು. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮುಂದೆ ಮೈಕು ಇಟ್ಟುಕೊಂಡು ಕೂರುತ್ತಿದ್ದರು. ತರಕಾರಿ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಹರಾಜು ಕೂಗಿದ ಗಂಟಲು ಅದು, ನಿನಗೆ ಗೊತ್ತಲ್ಲ. ಮೊದಲ ದಿನ "ನನಗೆ ಕುಡಿಯಲು ನೀರು ಬೇಕು" ಎಂದು ಓದಿದ್ದು ಹೇಗಿತ್ತೆಂದರೆ, ಕೆಳಗಿನ ಮನೆಯ ದರ್ಜಿ ಗಾಬರಿಯಿಂದ ಚೊಂಬು ಹಿಡಿದು ಮೆಟ್ಟಿಲು ಹತ್ತಿ ಬಂದ. ಅಮ್ಮ ನಕ್ಕು ಸುಸ್ತಾದಳು. "ಊರಿಗೆಲ್ಲ ಕೂಗೋದು ಬಿಡಿ, ಮನೆಯವರ ಹತ್ರ ಮಾತಾಡೋ ಹಾಗೆ ಮಾತಾಡಿ" ಎಂದಳು. "ಅದೇ ನಂಗೆ ಬರಲ್ವಲ್ಲೇ" ಎಂದರು ಅಪ್ಪ. ಆದರೆ ಕಲಿತರು. ಈ ವಯಸ್ಸಿನಲ್ಲಿ ಮೆತ್ತಗೆ ಮಾತಾಡುವುದನ್ನು ಕಲಿತರು. ಕೊನೆಕೊನೆಗೆ ಅವರು ಓದುವಾಗ ಅಮ್ಮ ಸುಮ್ಮನೆ ಬಾಗಿಲ ಬಳಿ ಬಂದು ಕೂತು ಕೇಳುತ್ತಿದ್ದಳು.

ಓದಿದ್ದನ್ನು ಮಾರುಕಟ್ಟೆಯ ರೂಢಿಯಂತೆ ಗುಂಪು ಗುಂಪಾಗಿ ಲಾಟು ಮಾಡಿ ಇಟ್ಟಿದ್ದರು. ಮನೆಯ ಲಾಟು, ಆಸ್ಪತ್ರೆಯ ಲಾಟು, ಜಗಳದ ಲಾಟು. ಕೊನೆಯದು ಬೇಕೆಂದು ಮೇಡಂ ಹೇಳಿರಲಿಲ್ಲ. "ಧ್ವನಿ ಹೋಯ್ತು ಅಂತ ನಿಮ್ಮಮ್ಮನ ಹತ್ರ ಸುಮ್ ಸುಮ್ನೆ ಸೋಲೋಕಾಗುತ್ತಾ" ಎಂದು ತಾವೇ ಸೇರಿಸಿದ್ದರು. ಅಮ್ಮ ಹಾಕಿ ಕೇಳುವಾಗ ಒಳಗೆಲ್ಲ ಹುಡುಕಬಾರದೆಂದು ಒಂದೊಂದು ಲಾಟಿಗೂ ಪರದೆಯ ಮೇಲೆ ಒಂದೊಂದು ಶಾರ್ಟ್‌ಕಟ್ ಮಾಡಿ, ಸಾಲಾಗಿ ಜೋಡಿಸಿದ್ದರು. ಸೊಗಸಾಗಿ ಕಾಣುತ್ತಿತ್ತು.

ಲ್ಯಾಪ್‌ಟಾಪ್ ಬಂದ ದಿನ ನಾನು ಕೆಲಸದಲ್ಲಿದ್ದೆ. ಸಂಜೆ ನಾನು ಬರುವವರೆಗೂ ಕಾಯುವ ಮನುಷ್ಯರಲ್ಲ ಅವರು. ಪರದೆಯ ಮೇಲಿದ್ದ ಆ ಸಾಲನ್ನು ಪೂರ್ತಿ ಪೆನ್ ಡ್ರೈವಿಗೆ ಹಾಕಿಕೊಂಡು ಹೊಸದಕ್ಕೆ ಇಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತಂತೆ. "ಹೊಸ ಮಷೀನು ಎಷ್ಟು ಚುರುಕು ನೋಡು!" ಎಂದು ಅಮ್ಮನನ್ನು ಕರೆದು ತೋರಿಸಿದರಂತೆ. ಎಲ್ಲ ಹೆಸರುಗಳೂ ಅದೇ ಸಾಲಿನಲ್ಲಿ ನಿಂತಿದ್ದವು. ಅಮ್ಮನಿಗೂ ಸಂತೋಷವಾಯಿತು. ಹಳೆಯದು ದರ್ಜಿಯ ಮಗಳ ಓದಿಗೆ ಎಂದು ಮೊದಲೇ ಮಾತಾಗಿತ್ತು. ಕೊಡುವ ಪಾತ್ರೆ ಬೆಳಗಿ ಕೊಡಬೇಕು ಎನ್ನುವುದು ನಮ್ಮ ಮನೆಯ ಹುಚ್ಚು. ಪಕ್ಕದ ಮನೆಯಾಕೆಯ ಡಬ್ಬಿಯನ್ನು ಆಕೆ ಕೊಟ್ಟಾಗ ಇದ್ದುದಕ್ಕಿಂತ ಹೊಳೆಯುವಂತೆ ನಾವು ಉಜ್ಜಿ ವಾಪಸ್ ಕೊಟ್ಟಿದ್ದಕ್ಕೆ ಆಕೆ ಬೇಸರ ಮಾಡಿಕೊಂಡದ್ದು ನೆನಪಿದೆಯಾ? ಅಪ್ಪ ಕಂಪ್ಯೂಟರಿಗೂ ಅದನ್ನೇ ಮಾಡಿದರು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕೀಬೋರ್ಡಿನ ಕೀಲಿಗಳನ್ನು ಒಂದೊಂದಾಗಿ ಕಿತ್ತು, ಸೋಪಿನ ನೀರಿನಲ್ಲಿ ತೊಳೆದು, ಮಹಡಿಯ ಮೇಲೆ ಟವೆಲ್ ಹಾಸಿ ಒಣಗಿಸಿದರು. ಒಳಗಿನದನ್ನು ತೊಳೆಯಲು ರಿಪೇರಿ ಅಂಗಡಿಯಿಂದಲೇ ಒಂದು ಪ್ರೋಗ್ರಾಂ ತಂದು ಹಗಲೆಲ್ಲ ಓಡಿಸಿದರು. ಬರೀ ಅಳಿಸಿದರೆ ಕಲೆ ಉಳಿಯುತ್ತದೆ ಎಂದು ಯಾರೋ ಹೇಳಿದ್ದರಂತೆ.

ಹೊಸ ಲ್ಯಾಪ್‌ಟಾಪನ್ನು ಆಸ್ಪತ್ರೆಗೆ ಒಯ್ದಾಗ ಮೇಡಂ ಮೊದಲು 'ಮನೆಯ ಲಾಟು' ಒತ್ತಿದರು. ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದರು. ಎಲ್ಲದಕ್ಕೂ ಅದೇ ಉತ್ತರ: ಈ ಫೈಲು ಇದ್ದ ಜಾಗದಲ್ಲಿಲ್ಲ. ಬಂದಿರುವುದು ದಾರಿ ತೋರಿಸುವ ಗುರುತು ಮಾತ್ರ, ಮಾತುಗಳು ಹಳೆಯ ಕಂಪ್ಯೂಟರಿನಲ್ಲೇ ಉಳಿದಿವೆ, ಅದನ್ನು ತನ್ನಿ ಎಂದು ಮೇಡಂ ಮೆಲ್ಲಗೆ ಹೇಳಿದರು. ಅಪ್ಪನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ಹರಾಜಿನ ಕಟ್ಟೆಯ ಮೇಲೆ ಒಂದು ಬುಟ್ಟಿ ಮಾತ್ರ ಇಡುತ್ತಾರೆ, ಮಾಲೆಲ್ಲ ಹಿಂದೆ ನಿಂತ ಲಾರಿಯಲ್ಲಿರುತ್ತದೆ. "ಸ್ಯಾಂಪಲ್ ಬುಟ್ಟಿ ಮನೆಗೆ ತಂದೆ. ಲಾರಿ ತೊಳೆದು ಕಳಿಸಿಬಿಟ್ಟೆ" ಎಂದರು. ಆಗಲೇ ಆ ಮಾತಿನಲ್ಲಿ ಅರ್ಧ ಗಾಳಿಯಿತ್ತು. ದರ್ಜಿಯ ಮಗಳು ಪಾಪ, ಕೇಳಿದ ಕೂಡಲೇ ಕಂಪ್ಯೂಟರ್ ವಾಪಸ್ ತಂದಿಟ್ಟು, ತನ್ನದೇ ತಪ್ಪು ಎನ್ನುವಂತೆ ಅತ್ತಳು.

ಹೊಸದಾಗಿ ಓದಲು ಕೂರಿಸಿದೆವು. ಈಗಿನ ಧ್ವನಿ ಕಾಗದ ಹರಿದ ಹಾಗಿದೆ. ಕೇಳಿ ನೋಡಿದ ಮೇಡಂ, ಇದನ್ನು ಕೊಟ್ಟರೆ ಮಷೀನೂ ಹೀಗೇ ಮಾತಾಡುತ್ತದೆ ಎಂದರು. ಅಪ್ಪ ಅರ್ಧ ಪುಟಕ್ಕೆ ನಿಲ್ಲಿಸಿ ತಾವೇ ಮೈಕನ್ನು ಪೆಟ್ಟಿಗೆಗೆ ಹಾಕಿದರು. ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದಲೇ ಒಂದು ಗಂಡಸಿನ ಧ್ವನಿ ಇದೆ, ಸ್ಪಷ್ಟವಾಗಿದೆ. "ಯಾರೋ ಬ್ಯಾಂಕಿನವನ ಥರ ಇದಾನೆ" ಎಂದರು ಅಪ್ಪ. ಅಮ್ಮ, "ಯಾರೋ ಪರ ಗಂಡಸು ನಮ್ಮನೇಲಿ ಕೂತ್ಕೊಂಡು 'ಊಟ ಆಯ್ತಾ' ಅಂದ್ರೆ ನಾನು ಉತ್ತರ ಕೊಡಲ್ಲ" ಎಂದಳು. ತಮಾಷೆಗೆ ಶುರು ಮಾಡಿದ್ದು. ಮುಗಿಸುವಷ್ಟರಲ್ಲಿ ಸೆರಗು ಕಣ್ಣಿಗೆ ಹೋಗಿತ್ತು. ಅಪ್ಪ ಎದ್ದು ಹೋಗಿ ಅವಳ ಪಕ್ಕ ಕೂತರು. ಅಷ್ಟೊಂದು ಹೊತ್ತು ಅವರಿಬ್ಬರೂ ಜಗಳವಿಲ್ಲದೆ ಕೂತದ್ದನ್ನು ನಾನು ನೋಡಿರಲಿಲ್ಲ.

ಈಗ ಮನೆಯಲ್ಲಿ ಮಾತು ಕಡಿಮೆ. ಅಪ್ಪ ಏನಾದರೂ ಬೇಕಿದ್ದರೆ ಮೇಜು ತಟ್ಟುತ್ತಾರೆ, ಆಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ. ಅಮ್ಮನಿಗೆ ಆ ಸದ್ದು ಕೇಳಿದರೆ ಆಗುವುದಿಲ್ಲ. "ಇನ್ನೂ ಇದೆಯಲ್ಲ ಒಂದಿಷ್ಟು, ಬಾಯಲ್ಲಿ ಹೇಳಿ" ಎನ್ನುತ್ತಾಳೆ.

ಅಮ್ಮನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೇರೆಯವರಿಗೆ ಬಡಿಸಿ ನೀನು ಉಪವಾಸ ಇರಬೇಡ.

ನಿನ್ನ
ಅಕ್ಕ

ತಾ.ಕ.: ಈ ಈಮೇಲ್ ಕಳಿಸುವ ಮುಂಚೆ ಇದೊಂದು. ಮೇಡಂ ಈಗಷ್ಟೇ ಫೋನ್ ಮಾಡಿದ್ದರು. ಕಾಯಿಲೆಗೆ ಮುಂಚಿನ ಧ್ವನಿ ಫೋನಿನಲ್ಲಾದರೂ ಎಲ್ಲಾದರೂ ಇದ್ದರೆ ಪ್ರಯತ್ನ ಮಾಡಬಹುದಂತೆ, ಆಗುತ್ತದೆಂದು ಮಾತು ಕೊಡಲಿಲ್ಲ. ಒಂದೇ ಮನೆಯಲ್ಲಿರುವ ನಮಗೆ ಅಪ್ಪ ವಾಯ್ಸ್ ಮೆಸೇಜ್ ಕಳಿಸಿದ್ದೇ ಇಲ್ಲ. ನೀನು ಹೇಳದೆ ಕೇಳದೆ ಹಡಗು ಹತ್ತಿದಾಗ ನಿನಗೆ ದಿನವೂ ಕಳಿಸುತ್ತಿದ್ದರು, ಕಳಿಸಿದ ಮೇಲೆ ತಮ್ಮ ಫೋನಿನಿಂದ ಅಳಿಸಿಬಿಡುತ್ತಿದ್ದರು. ನೀನು ಅವನ್ನು ತೆರೆದಿಲ್ಲ ಎಂದು ನನಗೆ ಹೇಳಿದ್ದೆ. ನಿನ್ನ ಹತ್ತಿರ ಇನ್ನೂ ಇದ್ದರೆ ಒಂದನ್ನೂ ಬಿಡದೆ ಕಳಿಸು. ಎಲ್ಲ ಬೈಗುಳವೇ ಇರಬಹುದು, ಇರಲಿ. ಕಳಿಸುವ ಮುಂಚೆ ನೀನೂ ಕೇಳು. ನಿನ್ನ ಹಡಗು ಮಂಗಳವಾರ ಬಂದರಿಗೆ ಬರುತ್ತದೆ ಎಂದು ಕಂಪನಿಯವರು ತಿಳಿಸಿದ್ದಾರೆ. ಬಂದ ತಕ್ಷಣ ಅಪ್ಪನಿಗೆ ಫೋನ್ ಮಾಡು, ಅವರು ಮಾತಾಡುತ್ತಾರೆ. ಬುಧವಾರ ಸಂಜೆ ಅವರನ್ನು ಆಸ್ಪತ್ರೆಗೆ ಸೇರಿಸುತ್ತೇವೆ. ಆಪರೇಷನ್ ಗುರುವಾರ ಬೆಳಿಗ್ಗೆ ಎಂಟಕ್ಕೆ.